ಮಂಡಿಗೊಂದು ಪೆಟ್ಟು, ಹಣೆಗೊಂದು ನಾದ

1871ರಲ್ಲಿ ಬರ್ಲಿನ್ನಿನ ಒಬ್ಬ ರೋಗಿ ತನ್ನ ವೈದ್ಯನ ಬಳಿ ಒಂದು ಸಣ್ಣ ಸಂಗತಿ ಹೇಳಿಕೊಂಡ. ಕೂತಾಗ ಮಂಡಿಚಿಪ್ಪಿನ ಕೆಳಗೆ ತಟ್ಟಿದರೆ ತನ್ನ ಕಾಲು ತಾನೇ ತಾನಾಗಿ ಮುಂದಕ್ಕೆ ಚಿಮ್ಮುತ್ತದೆ ಎಂದ. ಕಾಯಿಲೆಗೆ ಸಂಬಂಧವಿಲ್ಲದ ಹರಟೆ ಎಂದು ತಳ್ಳಿಹಾಕಬಹುದಾಗಿದ್ದ ಮಾತು. ವೈದ್ಯ ಕಾರ್ಲ್ ವೆಸ್ಟ್‌ಫಾಲ್ ತಳ್ಳಿಹಾಕಲಿಲ್ಲ. ಮುಂದಿನ ನಾಲ್ಕು ವರ್ಷ ಅದರ ಬೆನ್ನು ಹತ್ತಿದ. ಆರೋಗ್ಯವಂತರಲ್ಲಿ ಕಾಲು ಚಿಮ್ಮುತ್ತದೆ, ಬೆನ್ನುಹುರಿಯ ಕೆಲವು ರೋಗಗಳಲ್ಲಿ ಚಿಮ್ಮುವುದೇ ಇಲ್ಲ, ಇನ್ನು ಕೆಲವರಲ್ಲಿ ಅತಿಯಾಗಿ ಚಿಮ್ಮುತ್ತದೆ ಎಂಬುದು ಅವನಿಗೆ ಖಾತ್ರಿಯಾಯಿತು.

ಹಾಸಿಗೆಯ ಪಕ್ಕದಲ್ಲೇ ನಿಂತು, ದೊಡ್ಡ ಯಂತ್ರಗಳ ಹಂಗಿಲ್ಲದೆ ಮಾಡುವ ನರ, ಕಿವಿ ಮತ್ತು ಸಮತೋಲದ ಪರೀಕ್ಷೆಗಳ ಇತಿಹಾಸವನ್ನು ಕೆದಕಿದರೆ ಇಂಥ ರೋಗಿಗಳು ಮತ್ತೆ ಮತ್ತೆ ಎದುರಾಗುತ್ತಾರೆ. ಪರೀಕ್ಷೆಗೆ ಅಂಟಿಕೊಂಡು ಉಳಿದದ್ದು ವೈದ್ಯನ ಹೆಸರು. ಮೊದಲ ಸುಳಿವು ಕೊಟ್ಟದ್ದು ಎಷ್ಟೋ ಸಲ ಹೆಸರಿಲ್ಲದ ಒಬ್ಬ ರೋಗಿ. ಆ ರೋಗಿಗೆ ಸಲ್ಲಬೇಕಾದ ಪಾಲು ಪಠ್ಯಪುಸ್ತಕಗಳಲ್ಲಿ ಸಂದಿಲ್ಲ.

ವೆಸ್ಟ್‌ಫಾಲ್ ಒಂದು ವೈದ್ಯಕೀಯ ಪತ್ರಿಕೆಯ ಸಂಪಾದಕನೂ ಆಗಿದ್ದ. 1875ರಲ್ಲಿ ಅವನ ಮೇಜಿಗೆ ಹೈಡೆಲ್‌ಬರ್ಗ್‌ನ ವಿಲ್‌ಹೆಲ್ಮ್ ಎರ್ಬ್ ಕಳಿಸಿದ ಲೇಖನವೊಂದು ಬಂತು. ನೋಡಿದರೆ ಅದೇ ವಿಷಯ, ಅದೇ ಮಂಡಿ, ಅದೇ ಚಿಮ್ಮು. ಸಂಪಾದಕನ ಕುರ್ಚಿಯಲ್ಲಿ ಕೂತವನು ಮನಸ್ಸು ಮಾಡಿದ್ದರೆ ಎದುರಾಳಿಯ ಬರಹವನ್ನು ಒಂದು ವರ್ಷ ಕಪಾಟಿನಲ್ಲಿ ಇಟ್ಟಿರಬಹುದಿತ್ತು. ವೆಸ್ಟ್‌ಫಾಲ್ ಎರಡನ್ನೂ ಒಂದೇ ಸಂಚಿಕೆಯಲ್ಲಿ ಅಚ್ಚು ಹಾಕಿದ, ಅದೂ ಎರ್ಬ್‌ನ ಲೇಖನ ಮೊದಲು, ತನ್ನದು ಅದರ ಬೆನ್ನಿಗೆ. ವಿಜ್ಞಾನದ ಚರಿತ್ರೆಯಲ್ಲಿ ಇಂಥ ದೊಡ್ಡತನ ಅಪರೂಪ. ಇಬ್ಬರ ವ್ಯಾಖ್ಯಾನ ಮಾತ್ರ ಬೇರೆ ಬೇರೆ. ತೊಡೆಯ ಸ್ನಾಯುವನ್ನು ಎಳೆದದ್ದಕ್ಕೆ ಸ್ನಾಯುವೇ ನೇರವಾಗಿ ಸೆಟೆಯುತ್ತದೆ ಎಂದು ವೆಸ್ಟ್‌ಫಾಲ್ ನಂಬಿದ್ದ. ಇಲ್ಲ, ಸುದ್ದಿ ಬೆನ್ನುಹುರಿಯವರೆಗೆ ಹೋಗಿ ಅಲ್ಲಿಂದ ಅಪ್ಪಣೆಯಾಗಿ ಹಿಂತಿರುಗುತ್ತದೆ ಎಂದ ಎರ್ಬ್. ಗೆದ್ದದ್ದು ಎರ್ಬ್‌ನ ಮಾತು. ಮಿದುಳನ್ನು ಕೇಳದೆ ಬೆನ್ನುಹುರಿಯ ಮಟ್ಟದಲ್ಲೇ ಮುಗಿದುಹೋಗುವ ಈ ವ್ಯವಹಾರ ಒಂದು ರೆಪ್ಪೆ ಬಡಿಯುವುದರೊಳಗೆ ಆಗಿಬಿಡುತ್ತದೆ.

ಮಂಡಿ ತಟ್ಟುವ ಸುತ್ತಿಗೆಗೂ ಒಂದು ವಂಶಾವಳಿ ಇದೆ. ಅದರ ಮೂಲಪುರುಷ ಆಸ್ಟ್ರಿಯಾದ ಗ್ರಾಟ್ಸ್ ಊರಿನ ಛತ್ರದವನ ಮಗ ಲಿಯೊಪೋಲ್ಡ್ ಔಎನ್‌ಬ್ರುಗರ್. ಬೆರಳಿನಿಂದ ಎದೆ ತಟ್ಟಿ, ಒಳಗೆ ನೀರು ತುಂಬಿದೆಯೋ ಗಾಳಿಯಿದೆಯೋ ಎಂದು ಸದ್ದಿನಿಂದಲೇ ಹೇಳುವ ಪದ್ಧತಿಯನ್ನು ಅವನು 1761ರಲ್ಲಿ ಪ್ರಕಟಿಸಿದ. ಬೆರಳಿನ ಜಾಗಕ್ಕೆ 19ನೇ ಶತಮಾನದಲ್ಲಿ ಪುಟ್ಟ ಸುತ್ತಿಗೆ ಬಂತು. ಎದೆಗೆಂದು ಮಾಡಿದ ಆ ಸುತ್ತಿಗೆ 1875ರ ನಂತರ ಮಂಡಿಗೆ ಇಳಿಯಿತು. 1888ರಲ್ಲಿ ಫಿಲಡೆಲ್ಫಿಯಾದ ಜಾನ್ ಮ್ಯಾಡಿಸನ್ ಟೇಲರ್ ಮಂಡಿಗೆಂದೇ ತ್ರಿಕೋನಾಕಾರದ ರಬ್ಬರ್ ತಲೆಯ ಸುತ್ತಿಗೆ ಮಾಡಿಸಿದ. ಇವತ್ತಿಗೂ ಎಂ.ಬಿ.ಬಿ.ಎಸ್. ವಿದ್ಯಾರ್ಥಿಯ ಕೋಟಿನ ಜೇಬಿನಿಂದ ಇಣುಕುವ ಸುತ್ತಿಗೆಗಳಲ್ಲಿ ಅದೂ ಒಂದು. ಇನ್ನೊಂದು ಬಗೆ ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆಯದು: ಉದ್ದನೆಯ ಬಿದಿರ ಕಡ್ಡಿ, ತುದಿಗೆ ಹಿತ್ತಾಳೆಯ ಚಕ್ರ, ಚಕ್ರದ ಸುತ್ತ ರಬ್ಬರ್. ಇದನ್ನು ರೂಪಿಸಿದವಳು ಅಲ್ಲಿನ ನರ್ಸ್ ಮಿಸ್ ವಿಂಟಲ್. ತಾನೇ ಕೈಯಾರೆ ಮಾಡಿ ಕಿರಿಯ ವೈದ್ಯರಿಗೆ ಮಾರುತ್ತಿದ್ದಳು. ಸುತ್ತಿಗೆಗೆ ಆಸ್ಪತ್ರೆಯ ಹೆಸರು ನಿಂತಿತು, ಅವಳದಲ್ಲ.

ಮಂಡಿ ತಟ್ಟುವಾಗ ರೋಗಿ ಬಿಗಿಯಾಗಿ ಕೂತಿದ್ದರೆ ಕಾಲು ಕದಲದು. ಅದಕ್ಕೆ ಬುಡಾಪೆಸ್ಟ್‌ನ ಎರ್ನೊ ಯೆಂಡ್ರಾಸಿಕ್ 1885ರಲ್ಲಿ ಒಂದು ಉಪಾಯ ಕಂಡುಹಿಡಿದ. ಎರಡೂ ಕೈಗಳ ಬೆರಳುಗಳನ್ನು ಕೊಕ್ಕೆ ಮಾಡಿ ಒಂದಕ್ಕೊಂದು ಸಿಕ್ಕಿಸಿ ಜೋರಾಗಿ ಎಳೆಯಲು ಹೇಳಬೇಕು. ರೋಗಿ ಆ ಎಳೆದಾಟದಲ್ಲಿರುವಾಗ ಪೆಟ್ಟು ಬಿದ್ದರೆ, ಅಲ್ಲಿಯವರೆಗೆ ಸುಮ್ಮನಿದ್ದ ಕಾಲು ಚಿಮ್ಮುತ್ತದೆ. ಎಳೆಯುವಾಗ ಗಮನ ಬೇರೆಡೆ ಹರಿಯುವುದಷ್ಟೇ ಅಲ್ಲ, ಬೆನ್ನುಹುರಿಯೇ ಒಂದಿಷ್ಟು ಚುರುಕಾಗಿರುತ್ತದೆ.

ಈ ಚಿಮ್ಮಿನ ಮೇಲೆ ಆ ಕಾಲದ ವೈದ್ಯರಿಗೆ ಅಷ್ಟೊಂದು ಆಸಕ್ತಿ ಏಕೆಂದರೆ, ಯುರೋಪಿನ ಆಸ್ಪತ್ರೆಗಳು ಮಂಡಿಯ ಚಿಮ್ಮನ್ನೇ ಅಳಿಸಿಹಾಕುವ ಟೇಬಿಸ್ ಡಾರ್ಸಾಲಿಸ್ ಎಂಬ ರೋಗದವರಿಂದ ತುಂಬಿದ್ದವು. ಸಿಫಿಲಿಸ್ ಹತ್ತಿದ ಎಷ್ಟೋ ವರ್ಷಗಳ ಮೇಲೆ ಅದು ಬೆನ್ನುಹುರಿಯ ಹಿಂಭಾಗವನ್ನು ತಿಂದುಹಾಕುತ್ತದೆ. ಕಾಲಿಗೆ ಬಲವಿರುತ್ತದೆ, ಆದರೆ ಅದು ಎಲ್ಲಿದೆ ಎಂಬ ಅರಿವೇ ಹೋಗಿರುತ್ತದೆ. ನೆಲ ಉಣ್ಣೆಯಂತೆ ಮೆತ್ತಗಾಗಿದೆ ಎಂದು ರೋಗಿಗಳು ದೂರುತ್ತಿದ್ದರು. ಬೆಳಿಗ್ಗೆ ಮುಖ ತೊಳೆಯಲು ಬಗ್ಗಿ ಕಣ್ಣು ಮುಚ್ಚಿದೊಡನೆ ಬೋಗುಣಿಯ ಮೇಲೇ ಮುಗ್ಗರಿಸುತ್ತೇವೆ ಎನ್ನುತ್ತಿದ್ದರು. ಕತ್ತಲಲ್ಲಿ ಹೆಜ್ಜೆ ಇಡಲಾಗದ ಇಂಥ ಒಬ್ಬ ರೋಗಿಯ ಬಗ್ಗೆ ಇಂಗ್ಲೆಂಡಿನ ಮಾರ್ಷಲ್ ಹಾಲ್ 1836ರಲ್ಲೇ ಬರೆದಿದ್ದ. ಬರ್ಲಿನ್ನಿನ ಮೋರಿಟ್ಸ್ ರೊಂಬರ್ಗ್ ಇದನ್ನೇ ಪರೀಕ್ಷೆಯಾಗಿ ತಿದ್ದಿದ. 1840ರಿಂದ 1846ರವರೆಗೆ ಕಂತು ಕಂತಾಗಿ ಬಂದ ಅವನ ನರರೋಗಗಳ ಪಠ್ಯದಲ್ಲಿ ಅದು ಸೇರಿತು.

ಪರೀಕ್ಷೆ ಇಷ್ಟೇ. ಎರಡೂ ಪಾದ ಜೋಡಿಸಿ ನಿಲ್ಲಬೇಕು, ಆಮೇಲೆ ಕಣ್ಣು ಮುಚ್ಚಬೇಕು. ನೆಟ್ಟಗೆ ನಿಲ್ಲಲು ದೇಹಕ್ಕೆ ಮೂರು ಮೂಲಗಳಿಂದ ಸುದ್ದಿ ಬರುತ್ತಿರುತ್ತದೆ: ಕಣ್ಣು, ಒಳಕಿವಿ, ಮತ್ತು ಪಾದ-ಕೀಲು-ಸ್ನಾಯುಗಳ ಅರಿವು. ಮೂರರಲ್ಲಿ ಒಂದು ಹೋದರೂ ಉಳಿದೆರಡು ಹೇಗೋ ಸಂಭಾಳಿಸುತ್ತವೆ. ಕಾಲಿನ ಅರಿವು ಮೊದಲೇ ಹೋಗಿರುವವನು ಕಣ್ಣನ್ನೂ ಮುಚ್ಚಿದರೆ ಓಲಾಡುತ್ತಾನೆ, ಹಿಡಿಯದಿದ್ದರೆ ಬೀಳುತ್ತಾನೆ. ಕಣ್ಣು ಬಿಟ್ಟಿರುವಾಗಲೇ ನಿಲ್ಲಲಾರದವನ ತೊಂದರೆ ಬೇರೆ. ಅದು ಹಿಮ್ಮಿದುಳಿನ ಕಡೆ ಬೆರಳು ತೋರಿಸುತ್ತದೆ. 1906ರಲ್ಲಿ ಸಿಫಿಲಿಸ್ ಪತ್ತೆಹಚ್ಚುವ ವಾಸರ್‌ಮನ್ನನ ರಕ್ತಪರೀಕ್ಷೆ ಬರುವವರೆಗೆ ಚಿಮ್ಮದ ಮಂಡಿ, ಕಣ್ಣು ಮುಚ್ಚಿದರೆ ಓಲಾಡುವ ಮೈ ಮತ್ತು ಬೆಳಕಿಗೆ ಕುಗ್ಗದ ಕಣ್ಣುಪಾಪೆ, ಇವುಗಳ ಬಲದ ಮೇಲೇ ವೈದ್ಯರು ಟೇಬಿಸ್ ಗುರುತಿಸುತ್ತಿದ್ದರು. ಪೆನಿಸಿಲಿನ್ ಬಂದ ಮೇಲೆ ಆ ರೋಗ ಅಪರೂಪವಾಯಿತು. ರೊಂಬರ್ಗ್ ಪರೀಕ್ಷೆ ಉಳಿಯಿತು, ಬಿ12 ಜೀವಸತ್ವದ ಕೊರತೆಯಿಂದ ಬೆನ್ನುಹುರಿ ಕೆಟ್ಟವರಿಗಾಗಿ, ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗಾಗಿ.

ಕಿವಿಯ ಕಥೆ ಇದಕ್ಕಿಂತ ಹಳೆಯದು, ಶುರುವಾಗುವುದು ಹಲ್ಲಿನಿಂದ. ಇಟಲಿಯ ಜಿರೋಲಾಮೊ ಕಾರ್ಡಾನೊ 1550ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಕೋಲನ್ನೋ ಈಟಿಯ ಹಿಡಿಯನ್ನೋ ಹಲ್ಲಿನಲ್ಲಿ ಕಚ್ಚಿ ಹಿಡಿದರೆ ಅದರ ಮೂಲಕ ಸದ್ದು ಕೇಳಿಸುತ್ತದೆ ಎಂದು ಬರೆದ. ಅಲ್ಲಿಂದ ಕೆಲವೇ ದಶಕಗಳಲ್ಲಿ ಪಾಡುವಾದ ವೈದ್ಯ ಕಾಪಿವಾಚ್ಚಿ ಅದನ್ನು ಕಿವುಡರ ಮೇಲೆ ಪ್ರಯೋಗಿಸಿದ. ಕಬ್ಬಿಣದ ಸರಳಿನ ಒಂದು ತುದಿಯನ್ನು ರೋಗಿ ಕಚ್ಚಬೇಕು, ಇನ್ನೊಂದು ತುದಿ ತಂತಿವಾದ್ಯಕ್ಕೆ ತಾಗಿರಬೇಕು. ನುಡಿಸಿದ್ದು ಕೇಳಿಸಿದರೆ ಕೆಟ್ಟಿರುವುದು ಕಿವಿಯ ತಮಟೆ, ಕೇಳಿಸದಿದ್ದರೆ ಕೆಟ್ಟಿರುವುದು ಒಳಗಿನ ನರ. ಇವತ್ತು ಕಿವಿಯ ವೈದ್ಯರು ಮೊದಲು ಕೇಳಿಕೊಳ್ಳುವ ಪ್ರಶ್ನೆಯೂ ಇದೇ: ಸದ್ದು ಸಾಗುವ ದಾರಿ ಮುಚ್ಚಿದೆಯೋ, ಸದ್ದನ್ನು ಗ್ರಹಿಸುವ ನರವೇ ಸೋತಿದೆಯೋ? 16ನೇ ಶತಮಾನದಲ್ಲೇ ಆ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳಿದ ಕಾಪಿವಾಚ್ಚಿಯ ಹೆಸರು ಕಿವಿಯ ವೈದ್ಯರಿಗೂ ಅಷ್ಟಾಗಿ ಪರಿಚಯವಿಲ್ಲ.

ಸರಳು-ತಂತಿಗಳ ಈ ಸಾಹಸವನ್ನು ಹಗುರ ಮಾಡಿದ್ದು ಒಬ್ಬ ಸಂಗೀತಗಾರ. ಇಂಗ್ಲೆಂಡಿನ ಆಸ್ಥಾನದ ಕಹಳೆಗಾರ ಜಾನ್ ಶೋರ್ 1711ರಲ್ಲಿ ವಾದ್ಯಗಳ ಶ್ರುತಿ ಸೇರಿಸಲೆಂದು ಎರಡು ಕವಲಿನ ಉಕ್ಕಿನ ಕಡ್ಡಿ ಮಾಡಿದ. ಅದೇ ಶ್ರುತಿಕವೆ, ನಮ್ಮ ಶಾಲೆಯ ಪ್ರಯೋಗಾಲಯಗಳ ಟ್ಯೂನಿಂಗ್ ಫೋರ್ಕ್. ಅದು ಕಛೇರಿಯಿಂದ ಚಿಕಿತ್ಸಾಲಯಕ್ಕೆ ಬರಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

1834ರಲ್ಲಿ ಲೈಪ್‌ಜಿಗ್‌ನ ಎರ್ನ್‌ಸ್ಟ್ ಹೈನ್ರಿಕ್ ವೇಬರ್ ಒಂದು ವಿಚಿತ್ರವನ್ನು ದಾಖಲಿಸಿದ. ಅದನ್ನು ಓದುಗರು ಕವೆಯಿಲ್ಲದೆಯೇ ಪರೀಕ್ಷಿಸಿ ನೋಡಬಹುದು. ಬಾಯಿ ಮುಚ್ಚಿ ಸಣ್ಣಗೆ ಗುನುಗುತ್ತಾ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿದರೆ, ದನಿ ಮುಚ್ಚಿದ ಕಿವಿಗೇ ಜಿಗಿಯುತ್ತದೆ. ತೆರೆದ ಕಿವಿಗಿಂತ ಮುಚ್ಚಿದ ಕಿವಿ ಹೆಚ್ಚು ಕೇಳಿಸಿಕೊಳ್ಳುತ್ತದೆ! ಮೂಳೆಯ ಮೂಲಕ ಬಂದ ಸದ್ದಿಗೆ ಹೊರಹೋಗುವ ದಾರಿ ಮುಚ್ಚಿರುವುದೂ, ಹೊರಗಿನ ಗದ್ದಲ ಆ ಕಿವಿಗೆ ತಲುಪದಿರುವುದೂ ಇದಕ್ಕೆ ಕಾರಣ. ವೇಬರ್ ರೋಗದ ಬಗ್ಗೆ ಯೋಚಿಸುತ್ತಿರಲಿಲ್ಲ, ಅವನದು ಇಂದ್ರಿಯಗಳ ಅಧ್ಯಯನ. ಇದು ರೋಗಪರೀಕ್ಷೆಗೆ ಹೇಗೆ ಬರುತ್ತದೆ ಎಂದು ವಿವರಿಸಿದವನು ಡ್ರೆಸ್ಡೆನ್‌ನ ಕಿವಿವೈದ್ಯ ಎಡುವರ್ಡ್ ಶ್ಮಾಲ್ಟ್ಸ್, ಹತ್ತು-ಹನ್ನೆರಡು ವರ್ಷಗಳ ನಂತರ. ಮಿಡಿದ ಕವೆಯ ಬುಡವನ್ನು ಹಣೆಯ ನಡುವೆ ಊರಿದಾಗ, ಗುಗ್ಗೆಯೋ ಕೀವೋ ತುಂಬಿ ಮುಚ್ಚಿದ ಕಿವಿಯವನಿಗೆ ನಾದ ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ನರ ಸೋತವನಿಗೆ ಒಳ್ಳೆಯ ಕಿವಿಯಲ್ಲಿ ಕೇಳುತ್ತದೆ. ರೋಗಿ ಕೈಯೆತ್ತಿ ಒಂದು ಕಡೆ ತೋರಿಸಿದರೆ ಸಾಕು.

ಇದರ ಜೋಡಿ ಪರೀಕ್ಷೆ ಹೈನ್ರಿಕ್ ಅಡಾಲ್ಫ್ ರಿನ್ನೆಯದು, 1855ರದು. ಕವೆಯನ್ನು ಮೊಣಕೈಗೋ ಮಂಡಿಗೋ ಬಡಿದು, ಅದರ ಬುಡವನ್ನು ಕಿವಿಯ ಹಿಂದಿನ ಉಬ್ಬುಮೂಳೆಗೆ ಒತ್ತಿ ಹಿಡಿಯುತ್ತಾರೆ. ಗುಂಯ್‌ಗುಡುವ ನಾದ ತಲೆಬುರುಡೆಯೊಳಗೇ ಎದ್ದಂತಿರುತ್ತದೆ. ನಿಧಾನವಾಗಿ ಅದು ಕರಗುತ್ತದೆ. "ನಿಂತಿತು" ಎಂದು ರೋಗಿ ಹೇಳಿದ ಗಳಿಗೆಯಲ್ಲಿ ಕವೆಯ ಕವಲುಗಳನ್ನು ಕಿವಿಯ ಬಾಯಿಯ ಮುಂದೆ ಹಿಡಿದರೆ, ಮುಗಿದುಹೋಯಿತೆಂದುಕೊಂಡ ನಾದ ಗಾಳಿಯಲ್ಲಿ ಮತ್ತೆ ಕೇಳುತ್ತದೆ. ಸರಿಯಾದ ಕಿವಿಗೆ ಮೂಳೆಗಿಂತ ಗಾಳಿಯೇ ಒಳ್ಳೆಯ ದಾರಿ. ಮತ್ತೆ ಕೇಳಿಸದಿದ್ದರೆ ಆ ದಾರಿಯಲ್ಲೆಲ್ಲೋ ಅಡ್ಡಿಯಿದೆ. ಒಂದು ಮೋಸವೂ ಇದರಲ್ಲಿದೆ. ಒಂದು ಕಿವಿ ಪೂರ್ತಿ ಸತ್ತಿದ್ದರೆ ನಾದ ಬುರುಡೆಯ ಮೂಳೆ ದಾಟಿ ಆಚೆಯ ಕಿವಿಗೆ ತಲುಪುತ್ತದೆ, ರೋಗಿ ಕೇಳಿಸಿತು ಎನ್ನುತ್ತಾನೆ. ಅದಕ್ಕೇ ಎರಡು ಪರೀಕ್ಷೆಗಳನ್ನೂ ಒಟ್ಟಿಗೆ ಮಾಡುವುದು.

ರಿನ್ನೆ ತನ್ನ ವೃತ್ತಿಯ ಬಹುಭಾಗವನ್ನು ಕಳೆದದ್ದು ಮನೋರೋಗಿಗಳ ನಡುವೆ. ಅವನ ಲೇಖನವನ್ನು ಸಮಕಾಲೀನರು ಗಮನಿಸಲಿಲ್ಲ. 1868ರಲ್ಲಿ ಅವನು ತೀರಿಕೊಂಡ. 1880ರ ದಶಕದಲ್ಲಿ ಬರ್ಲಿನ್ನಿನ ಆಗಸ್ಟ್ ಲೂಕೆ ಅದನ್ನು ಹೊರತೆಗೆದು ಬಳಕೆಗೆ ತಂದ ಮೇಲಷ್ಟೇ ಹೆಸರು ಲೋಕಕ್ಕೆಲ್ಲ ಹಬ್ಬಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಈಗ ಶ್ರವಣವನ್ನು ಡೆಸಿಬೆಲ್ ಲೆಕ್ಕದಲ್ಲಿ ಅಳೆಯಲು ನಾದನಿರೋಧಕ ಕೋಣೆಗಳಿವೆ, ಯಂತ್ರಗಳಿವೆ. ಆದರೂ ಕಿವಿ-ಮೂಗು-ಗಂಟಲು ವೈದ್ಯರು 512 ಹರ್ಟ್ಸ್ ಕವೆಯನ್ನು ಕೈಬಿಟ್ಟಿಲ್ಲ. ಅದಕ್ಕಿಂತ ತಗ್ಗಿನ ಕವೆಯಾದರೆ ರೋಗಿ ನಾದದ ಬದಲು ನಡುಕವನ್ನೇ ಅನುಭವಿಸುತ್ತಾನೆ, ಎತ್ತರದ್ದಾದರೆ ನಾದ ಬೇಗ ಸಾಯುತ್ತದೆ. ತಗ್ಗಿನ 128 ಹರ್ಟ್ಸ್ ಕವೆಗೆ ಆ ನಡುಕವೇ ಬಂಡವಾಳ: ಅದನ್ನು ಸಕ್ಕರೆ ಕಾಯಿಲೆಯವರ ಕಾಲಿನ ಹೆಬ್ಬೆರಳಿನ ಮೂಳೆಗೆ ಒತ್ತಿ, ಪಾದದ ನರಗಳಿಗೆ ಜೀವವಿದೆಯೇ ಎಂದು ನೋಡುತ್ತಾರೆ.

ಕವೆಯ ಈ ಪರೀಕ್ಷೆಗಳೆಲ್ಲ ರೋಗಿಯ ಮಾತನ್ನು ನಂಬಿದವು. 19ನೇ ಶತಮಾನದ ಕೊನೆಗೆ ಪ್ಯಾರಿಸ್ಸಿನಲ್ಲಿ ನಂಬಿಕೆಯೇ ಪ್ರಶ್ನೆಯಾಯಿತು. ಕೈಕಾಲು ಬಿದ್ದುಹೋದ ರೋಗಿಗೆ ನಿಜವಾಗಿ ನರರೋಗವಿದೆಯೋ, ಇಲ್ಲವೇ ಹಿಸ್ಟೀರಿಯವೋ ಎಂಬ ಚರ್ಚೆ ಸಾಲ್ಪೆಟ್ರಿಯೆರ್ ಆಸ್ಪತ್ರೆಯನ್ನು ತುಂಬಿತ್ತು. ಅಲ್ಲಿನ ಮಹಾಗುರು ಶಾರ್ಕೊ ಪಾಠ ಮಾಡುತ್ತಿರುವ, 1887ರಲ್ಲಿ ಬ್ರುಯೆ ಬರೆದ ಚಿತ್ರ ಪ್ರಸಿದ್ಧ. ಅದರಲ್ಲಿ ಕುಸಿಯುತ್ತಿರುವ ರೋಗಿಯನ್ನು ಹಿಂದಿನಿಂದ ಹಿಡಿದು ನಿಂತವನು ಜೋಸೆಫ್ ಬಾಬಿನ್‌ಸ್ಕಿ, ಪೋಲೆಂಡಿನಿಂದ ದೇಶಭ್ರಷ್ಟನಾಗಿ ಬಂದವನ ಮಗ. 1896ರ ಫೆಬ್ರವರಿ 22ರಂದು ಅವನು ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘದ ಮುಂದೆ ಒಂದು ಟಿಪ್ಪಣಿ ಓದಿದ. ಉದ್ದ ಬರೀ 28 ಸಾಲು. ಅಂಗಾಲನ್ನು ಗೀರಿದರೆ ಆರೋಗ್ಯವಂತ ವಯಸ್ಕರ ಕಾಲ್ಬೆರಳುಗಳು ಕೆಳಗೆ ಮಡಚುತ್ತವೆ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಮುಖ್ಯ ನರಮಾರ್ಗ ಕೆಟ್ಟವರಲ್ಲಿ ಮೇಲಕ್ಕೆ ಏಳುತ್ತವೆ. ಅದರಲ್ಲೂ ಹೆಬ್ಬೆರಳು ನಿಧಾನವಾಗಿ ಎದ್ದು ನಿಲ್ಲುವುದನ್ನು ಅವನು 1898ರಲ್ಲಿ ಒತ್ತಿ ಹೇಳಿದ. ಎಳೆಗೂಸಿನ ಹೆಬ್ಬೆರಳೂ ಮೇಲೇಳುತ್ತದೆ, ಆ ನರಮಾರ್ಗ ಇನ್ನೂ ಬಲಿತಿರುವುದಿಲ್ಲ. ಪ್ರಜ್ಞೆ ತಪ್ಪಿದವರಲ್ಲೂ ಮಾಡಬಹುದಾದ, ಬೇಕೆಂದು ನಟಿಸಲು ಸುಲಭವಲ್ಲದ ಪರೀಕ್ಷೆ ಇದು. ಸೋಗು ಎಂಬ ಅಪವಾದ ಹೊತ್ತ ಎಷ್ಟೋ ರೋಗಿಗಳ ಪರವಾಗಿ ಅವರ ಹೆಬ್ಬೆರಳೇ ಸಾಕ್ಷಿ ನುಡಿಯಿತು.

ಸಾಕ್ಷಿ ನುಡಿಯದಿದ್ದವರ ಪಾಡು? ಮೊದಲ ಮಹಾಯುದ್ಧದಲ್ಲಿ ಕಂದಕಗಳಿಂದ ನಡುಗುತ್ತಾ, ಸೊಂಟ ಬಾಗಿ ಬಂದ ಫ್ರೆಂಚ್ ಸೈನಿಕರ ಮಂಡಿ, ಹೆಬ್ಬೆರಳು ಎಲ್ಲ ಸರಿಯಾಗಿದ್ದವು. ಹಾಗಾದರೆ ರೋಗವೇ ಇಲ್ಲವೆಂದು ತೀರ್ಮಾನವಾಯಿತು. ಬಾಬಿನ್‌ಸ್ಕಿಯ ಶಿಷ್ಯ ಕ್ಲೋವಿಸ್ ವಿನ್ಸೆಂಟ್ ಟೂರ್ ನಗರದಲ್ಲಿ ಅಂಥವರಿಗೆ ನೋವಿನ ವಿದ್ಯುತ್ ಶಾಕ್ ಕೊಟ್ಟು "ಗುಣಪಡಿಸುತ್ತಿದ್ದ". 1916ರಲ್ಲಿ ಬಾಪ್ಟಿಸ್ಟ್ ದೆಶಾಂ ಎಂಬ ಸೈನಿಕ ಶಾಕ್ ಬೇಡವೆಂದು ಪ್ರತಿಭಟಿಸಿ ವೈದ್ಯನ ಮೇಲೇ ಕೈಮಾಡಿದ, ಸೇನಾ ನ್ಯಾಯಾಲಯದ ಕಟಕಟೆಗೂ ಏರಿದ. ಸಿಕ್ಕಿದ್ದು ಹಗುರ ಶಿಕ್ಷೆ. ಜನರ ಅನುಕಂಪ ಅವನ ಕಡೆಗಿತ್ತು. ಪರೀಕ್ಷೆಗೆ ಕಾಣದ್ದೆಲ್ಲ ಸುಳ್ಳು ಎಂಬ ದುಡುಕು ವೈದ್ಯಕೀಯದ ಚರಿತ್ರೆಯ ನೋವಿನ ಪುಟಗಳಲ್ಲಿ ಒಂದು.

ತಲೆಸುತ್ತಿನ ರೋಗಿಗಳು ಇದಕ್ಕಿಂತ ಮೊದಲೇ ಬೇರೊಂದು ದುಡುಕಿಗೆ ಸಿಕ್ಕಿದ್ದರು. ತಲೆ ಸುತ್ತಿದರೆ ಮಿದುಳಿಗೆ ರಕ್ತ ನುಗ್ಗಿದೆ ಎಂದು ಜಿಗಣೆ ಹಚ್ಚಿ ರಕ್ತ ಇಳಿಸುತ್ತಿದ್ದ ಕಾಲ ಅದು. ಪಾರಿವಾಳಗಳ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳನ್ನು ಕತ್ತರಿಸಿದರೆ ಅವು ಗಿರಗಿರ ಸುತ್ತುತ್ತವೆ ಎಂದು ಶರೀರಶಾಸ್ತ್ರಜ್ಞ ಫ್ಲೂರಾನ್ ತೋರಿಸಿಕೊಟ್ಟಿದ್ದರೂ ಅದನ್ನು ಮನುಷ್ಯರ ತಲೆಸುತ್ತಿಗೆ ಯಾರೂ ಜೋಡಿಸಿರಲಿಲ್ಲ. ಪ್ಯಾರಿಸ್ಸಿನ ಕಿವುಡ-ಮೂಗರ ಸಂಸ್ಥೆಯ ವೈದ್ಯ ಪ್ರೋಸ್ಪರ್ ಮೆನಿಯೆರ್ ಜೋಡಿಸಿದ. ತಲೆಸುತ್ತು, ಕಿವಿಯಲ್ಲಿ ಮೊರೆತ, ಕುಗ್ಗುವ ಶ್ರವಣ, ಮೂರೂ ಒಟ್ಟಿಗೆ ಬಂದರೆ ಮೂಲ ಒಳಕಿವಿಯಲ್ಲಿದೆ ಎಂದು 1861ರ ಜನವರಿಯಲ್ಲಿ ವೈದ್ಯಕೀಯ ಅಕಾಡೆಮಿಯ ಮುಂದೆ ವಾದಿಸಿದ. ಮುಂದಿನ ವರ್ಷವೇ ತೀರಿಕೊಂಡ.

ಒಳಕಿವಿಯನ್ನು ಹೊರಗಿನಿಂದಲೇ ಪರೀಕ್ಷಿಸುವ ದಾರಿ ತೆರೆದದ್ದು ವಿಯೆನ್ನಾದಲ್ಲಿ, ಒಬ್ಬ ರೋಗಿಯ ತಕರಾರಿನಿಂದ. ಯುವ ವೈದ್ಯ ರಾಬರ್ಟ್ ಬಾರಾನಿ ಪಿಚಕಾರಿಯಿಂದ ರೋಗಿಗಳ ಕಿವಿ ತೊಳೆಯುತ್ತಿದ್ದ. ಅನೇಕರಿಗೆ ತಲೆ ಸುತ್ತುತ್ತಿತ್ತು. ಒಬ್ಬ ರೋಗಿ ಮಾತ್ರ, ನೀರು ಸಾಕಷ್ಟು ಬೆಚ್ಚಗಿಲ್ಲದಿದ್ದರೆ ಮಾತ್ರ ತನಗೆ ಹಾಗಾಗುತ್ತದೆ, ಮನೆಯಲ್ಲಿ ಬೆಚ್ಚನೆಯ ನೀರಿನಲ್ಲಿ ತೊಳೆದುಕೊಂಡರೆ ಏನೂ ಆಗುವುದಿಲ್ಲ ಎಂದು ಪಟ್ಟು ಹಿಡಿದ. ನೀರು ಸರಿಯಾಗೇ ಇದೆ ಎಂದಳು ನರ್ಸ್. ರೋಗಿಗೆ ತಣ್ಣಗೆನಿಸಿದರೆ ಬಿಸಿ ಮಾಡಿಕೊಡಬೇಕು ಎಂದ ಬಾರಾನಿ. ಮುಂದಿನ ಸಲ ನೀರು ವಿಪರೀತ ಬಿಸಿಯಾಗಿತ್ತು, ರೋಗಿ ಮತ್ತೆ ತಲೆಸುತ್ತೆಂದು ಕೂಗಿದ. ಬಾರಾನಿ ಅವನ ಕಣ್ಣು ನೋಡಿದ. ತಣ್ಣೀರಿಗೆ ಒಂದು ದಿಕ್ಕಿಗೆ ತುಯ್ಯುತ್ತಿದ್ದ ಕಣ್ಣುಗುಡ್ಡೆಗಳು ಬಿಸಿನೀರಿಗೆ ಸರಿಯಾಗಿ ವಿರುದ್ಧ ದಿಕ್ಕಿಗೆ ತುಯ್ಯುತ್ತಿದ್ದವು. ಬಚ್ಚಲಿನ ಹಂಡೆಯಲ್ಲಿ ಕಾದ ನೀರು ಮೇಲೇರಿ ತಣ್ಣನೆಯದು ಕೆಳಗಿಳಿಯುವ ಹಾಗೆ, ಒಳಕಿವಿಯ ನಾಳದ ದ್ರವವೂ ಬಿಸಿಯಾದರೆ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ, ಆ ಹರಿವೇ ಮಿದುಳಿಗೆ ತಲೆ ತಿರುಗಿದಂತೆ ವರದಿ ಮಾಡುತ್ತದೆ ಎಂದು ಅವನು ತರ್ಕಿಸಿದ. 1906ರಲ್ಲಿ ಪ್ರಕಟಿಸಿದ. ತೊಳೆದರೂ ಕಣ್ಣು ತುಯ್ಯದಿದ್ದರೆ ಆ ಬದಿಯ ಒಳಕಿವಿ ಸತ್ತಿದೆ ಎಂದರ್ಥ.

1914ರ ನೊಬೆಲ್ ಬಾರಾನಿಗೆ ಘೋಷಣೆಯಾದದ್ದು 1915ರಲ್ಲಿ. ಆಗ ಅವನಿದ್ದದ್ದು ಮಧ್ಯ ಏಷ್ಯಾದ ಮೆರ್ವ್‌ನಲ್ಲಿ, ರಷ್ಯನ್ನರ ಯುದ್ಧಕೈದಿಯಾಗಿ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ಮಧ್ಯೆ ಬಂದು ಬಿಡಿಸಿದ ಮೇಲೆ 1916ರಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ ಬಹುಮಾನ ಪಡೆದ. ಹಂಡೆಯ ತರ್ಕಕ್ಕೆ ಪೆಟ್ಟು ಬಿದ್ದದ್ದು ಬಹಳ ತಡವಾಗಿ, 1983ರಲ್ಲಿ. ಬಾಹ್ಯಾಕಾಶದ ಸ್ಪೇಸ್‌ಲ್ಯಾಬ್-1ರಲ್ಲಿ, ಬಿಸಿ ಮೇಲೇರಲು ಬೇಕಾದ ಗುರುತ್ವವೇ ಇಲ್ಲದಲ್ಲಿ, ಗಗನಯಾತ್ರಿಗಳ ಕಿವಿಗೆ ಬಿಸಿ-ತಣ್ಣನೆಯ ಗಾಳಿ ಊದಿದರೂ ಕಣ್ಣು ತುಯ್ದವು. ಪರೀಕ್ಷೆ ಅಲ್ಲಾಡಲಿಲ್ಲ, ವಿವರಣೆ ಮಾತ್ರ ಪೂರ್ತಿಯಲ್ಲ ಎಂದಾಯಿತು.

ಸ್ವೀಡನ್ನಿನ ಉಪ್ಸಾಲಾದಲ್ಲೇ ನೆಲೆಸಿದ ಬಾರಾನಿ 1921ರಲ್ಲಿ 27 ವರ್ಷದ ಒಬ್ಬ ಮಹಿಳೆಯ ಬಗ್ಗೆ ಬರೆದ. ಬಲಮಗ್ಗುಲಿಗೆ ಮಲಗಿದಾಗ ಮಾತ್ರ ಅವಳಿಗೆ ತಲೆಸುತ್ತು ಬರುತ್ತಿತ್ತು. ಅದನ್ನು ಮೊದಲು ಗಮನಿಸಿದವನು ಅವನ ಸಹಾಯಕ. ಈ ಜಾಡು ಹಿಡಿದು 1952ರಲ್ಲಿ ಅದೇ ಕ್ವೀನ್ ಸ್ಕ್ವೇರ್ ಆಸ್ಪತ್ರೆಯ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಒಂದು ನಿರ್ದಿಷ್ಟ ಪಟ್ಟು ರೂಪಿಸಿದರು. ರೋಗಿಯನ್ನು ಮಂಚದ ಮೇಲೆ ಕೂರಿಸಿ, ಕತ್ತನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ಒಮ್ಮೆಲೇ ಹಿಂದಕ್ಕೆ ಮಲಗಿಸುತ್ತಾರೆ. ತಲೆ ಮಂಚದ ಅಂಚಿನಾಚೆ ಸ್ವಲ್ಪ ಜೋತಿರುತ್ತದೆ. ಎರಡು, ಮೂರು, ನಾಲ್ಕು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ನೆಲದ ಕಡೆಗೆ ತಿರುಚಿಕೊಂಡು ತುಯ್ಯತೊಡಗುತ್ತವೆ, ರೋಗಿ ವೈದ್ಯರ ತೋಳನ್ನು ಗಟ್ಟಿಯಾಗಿ ಹಿಡಿಯುತ್ತಾನೆ. ಒಂದು ನಿಮಿಷದೊಳಗೆ ಎಲ್ಲ ಶಾಂತ. ಒಳಕಿವಿಯಲ್ಲಿ ಅಂಟಿಕೊಂಡಿರಬೇಕಾದ ಸುಣ್ಣದ ಹರಳುಗಳು ಕಳಚಿ ನಾಳಕ್ಕೆ ಜಾರಿರುವುದು ಇದಕ್ಕೆ ಕಾರಣ. ಹರಳುಗಳನ್ನು ತಲೆ ಹೊರಳಿಸಿಯೇ ವಾಪಸು ಕಳಿಸಬಹುದು ಎಂದು ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ 1980ರಲ್ಲಿ ತೋರಿಸಿದಾಗ ಸಹವೈದ್ಯರು ನಂಬಲಿಲ್ಲ. ಅವನ ಲೇಖನ ಅಚ್ಚಾದದ್ದು 1992ರಲ್ಲಿ. ಔಷಧ ನುಂಗಿ ವರ್ಷಗಟ್ಟಲೆ ಒದ್ದಾಡಿದವರು ಐದೇ ನಿಮಿಷದ ಈ ಹೊರಳಾಟದಲ್ಲಿ ಎಷ್ಟೋ ಸಲ ಗುಣವಾಗುತ್ತಾರೆ.

ತಲೆಸುತ್ತಿನೊಳಗೆ ಲಕ್ವ ಅಡಗಿರುವ ಸಾಧ್ಯತೆಯೂ ಇದೆ, ವೈದ್ಯರು ಹೆದರುವುದು ಅದಕ್ಕೇ. 1988ರಲ್ಲಿ ಸಿಡ್ನಿಯ ಮೈಕೆಲ್ ಹಲ್ಮಾಜಿ ಮತ್ತು ಇಯಾನ್ ಕರ್ಥಾಯ್ಸ್ ಒಂದು ಬದಿಯ ಸಮತೋಲ ನರ ಕತ್ತರಿಸಿದ್ದ ರೋಗಿಗಳಲ್ಲಿ ಒಂದು ಲಕ್ಷಣ ಗುರುತಿಸಿದರು. ವೈದ್ಯರ ಮೂಗನ್ನೇ ದಿಟ್ಟಿಸುತ್ತಿರುವ ರೋಗಿಯ ತಲೆಯನ್ನು ಥಟ್ಟನೆ ಚೂರೇ ಚೂರು ತಿರುಗಿಸಿದರೆ, ಕೆಟ್ಟ ಬದಿಯಲ್ಲಿ ನೋಟ ಮೂಗಿನಿಂದ ಜಾರಿ, ಮತ್ತೆ ನೆಗೆದು ಮೂಗಿಗೆ ಬರುತ್ತದೆ. ಬಿಡದೆ ತಲೆ ಸುತ್ತುತ್ತಿರುವವನಲ್ಲಿ ಇದು ಶುಭಸೂಚನೆ: ತೊಂದರೆ ಒಳಕಿವಿಯದು. ನೋಟ ಕದಲದಿದ್ದರೇ ಮಿದುಳಿನ ಲಕ್ವದ ಶಂಕೆ. ಇದಕ್ಕೆ ಕಣ್ಣಿನ ತುಯ್ದಾಟದ ದಿಕ್ಕು ಮತ್ತು ಕಣ್ಣುಗಳ ಮೇಲು-ಕೆಳಗಿನ ಹೊಂದಾಣಿಕೆ ಎರಡನ್ನೂ ಸೇರಿಸಿ ಜಾರ್ಜ್ ಕಟ್ಟಾ, ಡೇವಿಡ್ ನ್ಯೂಮನ್-ಟೋಕರ್ ಮತ್ತು ಸಂಗಡಿಗರು 2009ರಲ್ಲಿ ಅಮೆರಿಕದ 101 ರೋಗಿಗಳ ಅಧ್ಯಯನ ಪ್ರಕಟಿಸಿದರು. ಮೊದಲ ಎರಡು ದಿನಗಳಲ್ಲಿ ಎಂಆರ್‌ಐ ಚಿತ್ರಕ್ಕೆ ಸಿಗದ ಕೆಲವು ಲಕ್ವಗಳು ಈ ಮೂರು ಪರೀಕ್ಷೆಗಳಿಗೆ ಸಿಕ್ಕಿದ್ದವು. ಮಾಡಿದವರು ಪಳಗಿದ ತಜ್ಞರು. ಅಭ್ಯಾಸ ಕಡಿಮೆಯಿದ್ದವರ ಕೈಯಲ್ಲಿ ಅಷ್ಟು ನಿಖರತೆ ಬರುವುದಿಲ್ಲ ಎಂಬುದು ಆಮೇಲೆ ಕಂಡುಬಂತು. ಬರಿಗಣ್ಣಿಗೆ ತಪ್ಪಿಹೋಗುವ ಆ ನೆಗೆತವನ್ನು ಸೆರೆಹಿಡಿಯಲು ಸಿಡ್ನಿಯ ಸಂಶೋಧಕರು ಪುಟ್ಟ ಕ್ಯಾಮೆರಾ ಕೂರಿಸಿದ ಕನ್ನಡಕ ಮಾಡಿದ್ದಾರೆ. ಅದನ್ನು ಹಾಕಿಸಿದ ಮೇಲೂ ರೋಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಬೇಕಾದವರು ವೈದ್ಯರೇ.